ಹದಿನೇಳನೇ ಸಂಚಿಕೆ

ನನ್ನ ದೊಡ್ಡಪ್ಪನ ಮಗ ತಿಯೋಪಿರ ತನ್ನ ದೋಣಿಯ ಮೋಟಾರು ಕೊಟ್ಟು ಒಂದು ಹಳೇ ಕಾಗದ ತಂದ ದಿನ ಅವನ ಹೆಂಡತಿ ಮೆರೆಪೆಕಾ ಮೂರು ಗಂಟೆ ಕಾಲ ಬಾಯಿ ತೆರೆಯಲಿಲ್ಲ. ಅವಳನ್ನು ಬಲ್ಲವರಿಗೆ ಇದು ಭೂಕಂಪಕ್ಕಿಂತ ದೊಡ್ಡ ಸುದ್ದಿ. ನಾಲ್ಕನೇ ಗಂಟೆಗೆ ತೆರೆದಳು. ಆಮೇಲೆ ಆ ಚಳಿಗಾಲ ಮುಗಿಯುವವರೆಗೆ ಮುಚ್ಚಲಿಲ್ಲ.

"ಮೀನು ಹೆಂಗೆ ಹಿಡೀತೀಯ ಈಗ? ಆ ಕಾಗದಾನ ನೀರಿಗೆ ಬಿಟ್ಟು 'ಬಾರಪ್ಪ ಮೀನೇ, ಪೇಪರ್ ಓದು ಬಾ' ಅಂತೀಯಾ?"

ಅವನು ತಂದದ್ದು 'ತೆ ರಿರೊರಿರೊ' ಎಂಬ ಪತ್ರಿಕೆಯ ಹದಿನೇಳನೇ ಸಂಚಿಕೆ. ರಿರೊರಿರೊ ಅಂದರೆ ನಮ್ಮ ಕಡೆ ಪೊದೆಯಲ್ಲಿ ಕೂತು ದಿನವಿಡೀ ಗೊಣಗುವ ಪುಟ್ಟ ಹಕ್ಕಿ. ನೂರಹತ್ತು ವರ್ಷದ ಹಿಂದೆ ನಮ್ಮ ಮುತ್ತಜ್ಜಂದಿರು ನಮ್ಮದೇ ಭಾಷೆಯಲ್ಲಿ, ತಾವೇ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಪತ್ರಿಕೆ ಅದು. ಜಮೀನಿನ ತಕರಾರು, ಸಾವಿನ ಸುದ್ದಿ, ಒಂದೂರಿನವರು ಇನ್ನೊಂದೂರಿನವರನ್ನು ಹಂಗಿಸಿ ಬರೆದ ಪತ್ರಗಳು, ಇಷ್ಟರಿಂದಲೇ ಅದರ ನಾಲ್ಕು ಪುಟ ತುಂಬುತ್ತಿತ್ತು. ನಲವತ್ತೊಂದು ಸಂಚಿಕೆ ಬಂದು ನಿಂತುಹೋಯಿತು. ರಾಜಧಾನಿಯ ದೊಡ್ಡ ಗ್ರಂಥಾಲಯದಲ್ಲಿ ನಲವತ್ತು ಇವೆ. ಹದಿನೇಳು ಮಾತ್ರ ಭೂಮಿಯ ಮೇಲೆ ಎಲ್ಲಿಯೂ ಇಲ್ಲ ಎಂದು ದೊಡ್ಡ ದೊಡ್ಡವರೆಲ್ಲ ಬರೆದಿಟ್ಟಿದ್ದರು. ಅದು ಒಬ್ಬ ಹಂದಿ ಸಾಕುವವನ ಬೀರುವಿನ ಡ್ರಾಯರಿನಲ್ಲಿ, ಕಾಲುಚೀಲಗಳ ಕೆಳಗೆ ಹಾಸಿಕೊಂಡು ಮಲಗಿತ್ತು.

ತಿಯೊ ಮೂವತ್ತು ವರ್ಷ ಕುರಿಮಾಂಸದ ಕಾರ್ಖಾನೆಯಲ್ಲಿ ಮೂಳೆ ಬಿಡಿಸಿದವನು. ಕಾರ್ಖಾನೆ ಮುಚ್ಚಿದ ಮೇಲೆ ಬೇರೆಯವರು ತೋಟ ಮಾಡಿದರು, ಕುಡಿದರು, ಆಸ್ಟ್ರೇಲಿಯಾಕ್ಕೆ ಹೋದರು. ಇವನು ಹಳೇ ಪತ್ರಿಕೆ ಹುಡುಕಲು ಹೊರಟ. ಒಂದೇ ತೊಡಕೆಂದರೆ ಅವನಿಗೆ ಆ ಭಾಷೆ ಓದಲು ಬರುತ್ತಿರಲಿಲ್ಲ. ನಮ್ಮ ತಲೆಮಾರಿಗೇ ಬರುವುದಿಲ್ಲ. ನಮ್ಮ ಅಪ್ಪಂದಿರು ಶಾಲೆಯಲ್ಲಿ ಆ ಭಾಷೆ ಆಡಿ ಬೆತ್ತದ ಏಟು ತಿಂದರು. ಮಕ್ಕಳಾದರೂ ಏಟು ತಪ್ಪಿಸಿಕೊಳ್ಳಲಿ ಎಂದು ನಮಗೆ ಕಲಿಸಲೇ ಇಲ್ಲ. ನಮಗೆ ಪ್ರಾರ್ಥನೆ ಬರುತ್ತದೆ, ಹಾಡು ಬರುತ್ತದೆ, ಬೈಗುಳವಂತೂ ತಪ್ಪಿಲ್ಲದೆ ಬರುತ್ತದೆ. ಓದು ಅಂದರೆ ಕಷ್ಟ. ತಿಯೊ ಭೂತಗನ್ನಡಿ ಹಿಡಿದು ಅರ್ಧ ಗಂಟೆ ಒಂದೇ ಸಾಲಿನ ಮೇಲೆ ಬಗ್ಗಿರುತ್ತಿದ್ದ. ಏನು ಬರೆದಿದೆ ಎಂದು ಕೇಳಿದರೆ ಕನ್ನಡಕ ತೆಗೆದು, ಉಸಿರು ಬಿಟ್ಟು, "ಬಹಳ ಗಂಭೀರ ವಿಷಯ" ಎನ್ನುತ್ತಿದ್ದ. ಅವನ ಬಳಿಯಿದ್ದ ಎಲ್ಲ ಪತ್ರಿಕೆಗಳಲ್ಲೂ ಗಂಭೀರ ವಿಷಯವೇ ಇತ್ತು.

ಹದಿನೇಳನೇ ಸಂಚಿಕೆಯ ಮೂರನೇ ಪುಟದಲ್ಲಿ ಮಾತ್ರ ಅವನಿಗೆ ಮೂರು ಪದ ಗುರುತು ಸಿಕ್ಕವು.

"ನೋಡೋ ಇಲ್ಲಿ," ಎಂದು ನನ್ನನ್ನು ಕರೆದು ತೋರಿಸಿದ. "ಇದು 'ಮತೆ'. ಮತೆ ಅಂದ್ರೆ ಸಾವು, ಅದು ಕೂಸಿಗೂ ಗೊತ್ತು. ಪಕ್ಕದಲ್ಲಿ 'ತೆ ಉಯಿರ'. ಕೆಳಗೆ ನಮ್ಮೂರ ಹೆಸರು, ವಾಯ್‌ಹುಕ. ತೆ ಉಯಿರ ಅನ್ನೋ ನಮ್ಮ ಹಿರಿಯ ಸತ್ತ ಸುದ್ದಿ ಕಣೋ ಇದು!"

"ಯಾರವನು? ನಾನು ಕೇಳೇ ಇಲ್ಲ."

"ನೀನು ಆಲೂಗಡ್ಡೆ ಸುಲಿಯೋನು, ನೀನೆಲ್ಲಿ ಕೇಳಿರ್ತೀಯ? ಪೇಪರ್‌ನಲ್ಲಿ ಹಾಕಿದಾರೆ ಅಂದ್ಮೇಲೆ ಸಣ್ಣ ಮನುಷ್ಯ ಅಲ್ಲ."

ನಾನು ಊರ ಸಭಾಮನೆಯ ಅಡಿಗೆ ನೋಡಿಕೊಳ್ಳುವವನು. ಆಲೂಗಡ್ಡೆ ಸುಲಿಯುವುದು ನಿಜ.

ಅವನು ಗ್ರಂಥಾಲಯಕ್ಕೆ ಪತ್ರ ಬರೆದ. ಮಿಸ್ ಕಾರ್ಮೋಡಿ ಎಂಬ ಅಧಿಕಾರಿ ಫೋನು ಮಾಡಿದಳು. ಫೋನಿನಲ್ಲೇ ಅವಳ ಉಸಿರು ಏರಿಳಿಯುವುದು ಕೇಳುತ್ತಿತ್ತಂತೆ. ಬರುವ ಶನಿವಾರ ತಾನೇ ಬಂದು ನೋಡುವುದಾಗಿಯೂ, ನಿಜವಾದ ಹದಿನೇಳೇ ಆಗಿದ್ದರೆ ಗ್ರಂಥಾಲಯದ ಹಜಾರದಲ್ಲಿ ಗಾಜಿನೊಳಗಿಟ್ಟು, ಕೆಳಗೆ ಹಿತ್ತಾಳೆಯ ಫಲಕದಲ್ಲಿ 'ತಿಯೋಪಿರ ಅವರ ಸಂಗ್ರಹದಿಂದ' ಎಂದು ಕೆತ್ತಿಸುವುದಾಗಿಯೂ ಹೇಳಿದಳು. ಮಡಿಸಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ತೇವ ತಾಗಿಸಬೇಡಿ, ನಾನು ಬರುವವರೆಗೆ ತೆರೆಯಲೇಬೇಡಿ ಎಂದು ನಾಲ್ಕು ಸಲ ಹೇಳಿದಳು. ತಿಯೊ ಹಿತ್ತಾಳೆಯ ಫಲಕದ ಕನಸು ಕಾಣುತ್ತಾ ಮರದ ಪೆಟ್ಟಿಗೆ ಮಾಡಿದ. ಮೇಲೆ ಗಾಜು ಕೂರಿಸಿ, ಮೂರನೇ ಪುಟ ಕಾಣುವಂತೆ ಪತ್ರಿಕೆಯನ್ನು ಒಳಗಿಟ್ಟು, ಸುತ್ತಲೂ ಕಿಟಕಿಗೆ ಮೆತ್ತುವ ಮೇಣ ಮೆತ್ತಿ ಮುಚ್ಚಿಬಿಟ್ಟ. ಸಭಾಮನೆಯ ಅಂಗಳದಲ್ಲಿ, ಊರವರ ಎದುರಿಗೆ, ಅದನ್ನು ಕಾರ್ಮೋಡಿಯ ಕೈಗೆ ಕೊಡಬೇಕೆಂಬುದು ಅವನ ಆಸೆ.

ಪಿರಿಹಿರಜ್ಜಿಗೆ ಹೇಳಿ ಬಾ ಎಂದು ಹೆಂಡತಿಯನ್ನು ಕಳಿಸಿದ. ಬಂದವರನ್ನು ಅಂಗಳಕ್ಕೆ ಕೂಗಿ ಕರೆಯುವ ಹಿರಿಯಳು ಪಿರಿಹಿರಜ್ಜಿಯೇ. ಮೆರೆಪೆಕಾಗೆ ಮೋಟಾರಿನ ಸಿಟ್ಟು ಇಳಿದಿರಲಿಲ್ಲ. ಅಜ್ಜಿಯ ಮನೆಯ ಬೇಲಿಯಾಚೆಯಿಂದಲೇ, "ಶನಿವಾರ ಹತ್ತು ಗಂಟೆಗೆ ತಿಯೊ ಒಬ್ಬರನ್ನ ಕರ್ಕೊಂಡು ಬರ್ತಾನಂತೆ" ಎಂದು ಕೂಗಿ ಹೊರಟುಹೋದಳು.

ನಮ್ಮಲ್ಲಿ 'ಒಬ್ಬರನ್ನು ಕರೆದುಕೊಂಡು ಬರುವುದು' ಅಂದರೆ ಹೆಣ ತರುವುದು.

ಶನಿವಾರ ಜಿಟಿಜಿಟಿ ಮಳೆ. ಫೋಟೋ ತೆಗೆಯುತ್ತಾರೆಂದು ತಿಯೊ ಕಪ್ಪು ಸೂಟು ಹಾಕಿದ್ದ. ಬರಿಗೈ ತಾಗಬಾರದೆಂದು ಬಿಳಿ ಕೈಗವಸು. ಪೆಟ್ಟಿಗೆಗೆ ತೇವ ತಾಗಬಾರದೆಂದು ಹೆಂಡತಿಯ ಚರ್ಚಿನ ಕಪ್ಪು ಶಾಲು. ಪಕ್ಕದಲ್ಲಿ ಕಾರ್ಮೋಡಿ, ರಾಜಧಾನಿಯವರು ಮದುವೆಗೂ ಕಪ್ಪೇ ಹಾಕುತ್ತಾರೆ. ಇಬ್ಬರೂ ಗೇಟಿನ ಬಳಿ ತಲೆ ತಗ್ಗಿಸಿ ನಿಂತಿದ್ದರು, ಮಳೆಗೆ. ಜಗಲಿಯ ಮೇಲೆ ಪಿರಿಹಿರಜ್ಜಿ ಪೊರೆ ಬಂದ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಎದೆ ತುಂಬ ಉಸಿರೆಳೆದು, ಸತ್ತವರನ್ನು ಬರಮಾಡಿಕೊಳ್ಳುವ ಕೂಗು ಕೂಗಿದಳು. ಪ್ರತಿ ಸಾವಿಗೂ ಅಡಿಗೆಮನೆಯಿಂದ ಅದನ್ನು ಕೇಳಿದ ನನ್ನ ಕೈಯಿಂದ ಚಾಕು ಬಿತ್ತು.

ತಿಯೊಗೆ ಆ ಕೂಗಿನ ಒಂದು ಅಕ್ಷರವೂ ಅರ್ಥವಾಗಲಿಲ್ಲ. "ನೋಡಿ ಮೇಡಂ, ಪೇಪರಿಗೆ ಎಂಥಾ ಮರ್ಯಾದೆ!" ಎಂದು ಪಿಸುಗುಟ್ಟಿ, ಗತ್ತಿನಿಂದ ಹೆಜ್ಜೆ ಹಾಕಿದ. ಕಾರ್ಮೋಡಿಗೆ ಅರ್ಥವಾಗಿತ್ತು. ಅವಳು ವಿಶ್ವವಿದ್ಯಾಲಯದಲ್ಲಿ ನಮ್ಮ ಭಾಷೆ ಓದಿದವಳು. ಆದರೆ ಪುಸ್ತಕದಲ್ಲಿ ಇಲ್ಲದ್ದು ಏನೋ ಇರಬೇಕೆಂದು ಸುಮ್ಮನೆ ಹಿಂಬಾಲಿಸಿದಳು. ಕರೆದ ಮೇಲೆ 'ತಪ್ಪಾಯ್ತು, ವಾಪಸು ಹೋಗಿ' ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಹೆಂಗಸರು ಎದ್ದು ಬಂದು ಪೆಟ್ಟಿಗೆಯನ್ನು ಅವನ ಕೈಯಿಂದ ಇಸಿದುಕೊಂಡು, ಜಗಲಿಯ ಹಾಸಿಗೆಯ ಮೇಲೆ, ತೀರಿಕೊಂಡವರ ಪಟಗಳ ನಡುವೆ ಮಲಗಿಸಿದರು. ಮೇಲೆ ಗರಿಯ ಮೇಲುವಸ್ತ್ರ ಹೊದಿಸಿದರು. ಸುತ್ತ ಕೂತು ಅಳಲು ಶುರುಮಾಡಿದರು.

ಹಾಕರಾಯ ತಾತ ಊರಿನ ಪರವಾಗಿ ಮಾತಾಡಬೇಕಾದವನು. ಕೋಲೂರಿ ಎದ್ದವನು ದಾರಿಯಲ್ಲಿ ತಿಯೊನ ಕಿವಿಯ ಬಳಿ ಬಗ್ಗಿ, "ಯಾರೋ ಇದು?" ಎಂದ.

"ತೆ ಉಯಿರ, ತಾತ."

ತಾತ ನಮ್ಮ ವಂಶಾವಳಿಯನ್ನು ಇಪ್ಪತ್ತೆರಡು ತಲೆಮಾರು ಬಾಯಲ್ಲಿ ಇಟ್ಟುಕೊಂಡವನು. ಅದರಲ್ಲಿ ತೆ ಉಯಿರ ಇರಲಿಲ್ಲ. ಇಲ್ಲ ಎಂದರೆ ಮರ್ಯಾದೆ ಹೋಯಿತು.

"ಓಹೋ ತೆ ಉಯಿರ!" ಎಂದು ಗುಡುಗಿದ. ಉಯಿರ ಅಂದರೆ ಮಿಂಚು. "ಬಾ, ಮಿಂಚೇ, ಬಾ! ನನ್ನಜ್ಜನ ತೊಡೆ ಮೇಲೆ ಕೂತು ನಿನ್ನ ಕಥೆ ಕೇಳಿದ್ದೆ!" ಹನ್ನೊಂದು ತಲೆಮಾರು ಹಿಂದಕ್ಕೆ ಹೋಗಿ ಒಂದು ಸಂದು ನೋಡಿ ತೆ ಉಯಿರನನ್ನು ಅಲ್ಲಿ ಕೂರಿಸಿ, ಎರಡು ಮದುವೆ ಮಾಡಿ, ಇಳಿಸಿಕೊಂಡು ಬಂದು ತನ್ನವರೆಗೆ ತಲುಪಿಸಿದ. ಪಕ್ಕದಲ್ಲಿದ್ದ ಮುದುಕರೆಲ್ಲ "ಹೌದು, ಹೌದು" ಎಂದು ತಲೆಯಾಡಿಸಿದರು. ಯಾವನೂ ಕೇಳಿರಲಿಲ್ಲ.

ಅದೇ ಹೊತ್ತಿಗೆ ಜಿಲ್ಲಾ ರೇಡಿಯೋದ ಹುಡುಗಿ ಭಾನುವಾರದ ಹೌಸಿ ಆಟದ ಸಮಯ ಕೇಳಲು ಫೋನು ಮಾಡಿದಳು. ಹಿಂದೆ ಗೋಳು ಕೇಳಿಸಿತು. ಯಾರು ಎಂದಳು. ಫೋನು ಎತ್ತಿದವರು ಹೇಳಿದರು. ಮಧ್ಯಾಹ್ನದ ಸಾವಿನ ಸುದ್ದಿಯಲ್ಲಿ ಬಂತು: ರಾಜಧಾನಿಯ ಅಧಿಕಾರಿಯೊಬ್ಬರು ಹಿರಿಯ ತೆ ಉಯಿರನನ್ನು ಪೆಟ್ಟಿಗೆಯಲ್ಲಿ ಊರಿಗೆ ಮರಳಿಸಿದ್ದಾರೆ. ಅದೇ ವರ್ಷ ಎಲ್ಲೆಲ್ಲಿಂದಲೋ ವಸ್ತುಸಂಗ್ರಹಾಲಯಗಳವರು ನಮ್ಮ ಹಿರಿಯರ ಎಲುಬುಗಳನ್ನು ವಾಪಸು ಕೊಡಲು ಶುರುಮಾಡಿದ್ದರು. ಕೇಳಿದವರಿಗೆ ಬೇರೆ ಯಾವ ವಿವರಣೆಯೂ ಬೇಕಾಗಲಿಲ್ಲ. ಮೂರು ಗಂಟೆಗೆ ಮೊದಲ ಬಸ್ಸು ಬಂತು. ಸಂಜೆಯೊಳಗೆ ನಾನು ಎರಡು ಮೂಟೆ ಆಲೂಗಡ್ಡೆ, ಆರು ಕುರಿ, ಒಂದು ಸ್ನಾನದ ತೊಟ್ಟಿ ತುಂಬ ಮಳಿ ಎಂಬ ಚಿಪ್ಪುಮೀನಿಗೆ ಲೆಕ್ಕ ಹೇಳಬೇಕಾಯಿತು.

ಕಾರ್ಮೋಡಿ ಪಾಪ, ನನ್ನ ಅಡಿಗೆಮನೆಗೆ ಚಹಾಕ್ಕೆ ಬಂದಳು. ಪಾತ್ರೆ ಉಜ್ಜುತ್ತಿದ್ದ ಹೆಂಗಸರು ಸುತ್ತುವರಿದರು.

"ನಮ್ಮವರನ್ನ ಇನ್ನೂ ಎಷ್ಟು ಇಟ್ಕೊಂಡಿದೀರ ನೀವು?" ಎಂದಳು ಮೆರೆಪೆಕಾ, ಸೊಂಟದ ಮೇಲೆ ಕೈಯಿಟ್ಟು. ಅವಳು ಪೆಟ್ಟಿಗೆಯ ಒಳಗೇನಿದೆಯೆಂದು ಬಲ್ಲವಳು. ಆದರೆ ಎಲ್ಲರೂ ಅಳುವುದನ್ನು ನೋಡಿ, ಗಂಡ ತನಗೆ ಹೇಳದೆ ಕಾಗದದ ಜೊತೆಗೆ ಎಲುಬನ್ನೂ ತಂದಿದ್ದಾನೆ ಎಂದೇ ತೀರ್ಮಾನಿಸಿದ್ದಳು.

"ನಲವತ್ತು," ಎಂದಳು ಕಾರ್ಮೋಡಿ, ಪತ್ರಿಕೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು.

"ನಲವತ್ತು! ಎಲ್ಲಿ?"

"ನೆಲಮಾಳಿಗೆಯಲ್ಲಿ. ತುಂಬ ಚೆನ್ನಾಗಿ ನೋಡ್ಕೋತೀವಿ. ತಣ್ಣಗೆ, ಒಂದೊಂದನ್ನೂ ಬೇರೆ ಬೇರೆ ಡಬ್ಬಿಯಲ್ಲಿ. ಕೆಲವು ಬಂದಾಗಲೇ ಹರಿದುಹೋಗಿದ್ವು. ಅಂಟು ಹಾಕಿ ಸೇರಿಸಿದೀವಿ."

ಒಬ್ಬಳು ಕೈಯಲ್ಲಿದ್ದ ತಟ್ಟೆ ಬಿಟ್ಟಳು.

"ಮನೆಯವರು ನೋಡ್ಬೇಕು ಅಂದ್ರೆ?"

"ಯಾರು ಬೇಕಾದ್ರೂ ಬರಬಹುದು. ಪೆನ್ನು ಮಾತ್ರ ತರಬಾರದು."

ಆಮೇಲೆ ಯಾರೂ ಅವಳಿಗೆ ಚಹಾ ಕೊಡಲಿಲ್ಲ. ನಾನೇ ಕದ್ದು ಒಂದು ಲೋಟ ಕೊಟ್ಟೆ.

ತಿಯೊಗೆ ಶನಿವಾರ ಸಂಜೆಯ ಹೊತ್ತಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. ಪೆಟ್ಟಿಗೆ ವಾಪಸು ಕೇಳಲು ಜಗಲಿಗೆ ಹೋದ. ಸತ್ತವರ ಬಳಿಯಿಂದ ಏನನ್ನಾದರೂ ಎತ್ತಿಕೊಂಡು ಹೋಗುವುದುಂಟೆ? ಹೆಂಗಸರು ಅವನನ್ನು ಎಳೆದು ಕೂರಿಸಿ, ಅವನ ತಲೆ ನೇವರಿಸಿ, ಅವನ ಪರವಾಗಿಯೂ ಅತ್ತರು. ಪೆಟ್ಟಿಗೆಯ ಮೇಲೆ ಕಣ್ಣೀರು ಹನಿಯುತ್ತಿತ್ತು. ತಿಯೊ ಒಂದೊಂದು ಹನಿಯನ್ನೂ ಕೈಗವಸಿನಿಂದ ಒರೆಸುತ್ತಾ ಕೂತ.

ಭಾನುವಾರ ಮಧ್ಯಾಹ್ನ ಕಾರ್ಮೋಡಿ ಅಳುವ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತು, ಪೆಟ್ಟಿಗೆಯ ಮೇಲೆ ಬಗ್ಗಿ, ಹೊದಿಕೆಗಳ ತುದಿ ಎತ್ತಿ, ಗಾಜಿನೊಳಗೆ ಕಣ್ಣಾಡಿಸಿದಳು. ಆಮೇಲೆ ಎದ್ದು ತಿಯೊನನ್ನು ಅಡಿಗೆಮನೆಯ ಹಿಂದಕ್ಕೆ, ನಾನು ಸುಲಿಯುತ್ತಾ ಕೂತಿದ್ದಲ್ಲಿಗೆ, ಕರೆತಂದಳು.

"ಮಿಸ್ಟರ್ ತಿಯೋಪಿರ, ಅದು ನಿಜವಾದ ಹದಿನೇಳೇ," ಎಂದಳು. "ಆದರೆ ತೆ ಉಯಿರ ಸತ್ತಿಲ್ಲ."

"ಅಂದ್ರೆ?"

"ಮತೆ ಅಂದ್ರೆ ಸತ್ತ ಅಂತಾನೂ ಆಗುತ್ತೆ, ಕಾಯಿಲೆ ಬಿದ್ದ ಅಂತಾನೂ ಆಗುತ್ತೆ, ಸೋತ ಅಂತಾನೂ ಆಗುತ್ತೆ. ಇಲ್ಲಿ ಸೋತ. ರಾಣಿಯ ಹುಟ್ಟುಹಬ್ಬದ ದಿನ ತೊಕರೋವದಲ್ಲಿ ಪಂದ್ಯ ಇತ್ತು. ವಾಯ್‌ಹುಕದ ತೆ ಉಯಿರ ಕೊನೆಯ ತಿರುವಿನಲ್ಲಿ ಸೋತ."

"ಓಟದ ಪಂದ್ಯಾನಾ? ನಮ್ಮಜ್ಜ ಓಟಗಾರನಾ?" ತಿಯೊನ ಮುಖ ಅರಳಿತು.

"ಕುದುರೆ, ಮಿಸ್ಟರ್ ತಿಯೋಪಿರ."

ನಾನು ಸುಲಿಯುತ್ತಿದ್ದ ಆಲೂಗಡ್ಡೆ ಗೋಲಿಯಷ್ಟಾಯಿತು. ಅಂಗಳದಲ್ಲಿ ನಾನೂರು ಜನ. ಎರಡು ದಿನದಿಂದ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಾರೆ. ಹಾಕರಾಯ ತಾತ ಕುದುರೆಗೆ ಎರಡು ಮದುವೆ ಮಾಡಿಸಿ, ಅದರ ಹನ್ನೊಂದನೇ ತಲೆಮಾರು ತಾನು ಎಂದು ಎಲ್ಲರೆದುರು ಸಾರಿದ್ದಾನೆ.

"ನಾಳೆ ಬೆಳಿಗ್ಗೆ ಹೂಳ್ತಾರಂತೆ," ಎಂದಳು ಕಾರ್ಮೋಡಿ. "ಈಗಲೇ ಹೇಳಿಬಿಡಿ. ಅದೊಂದೇ ಪ್ರತಿ. ಪ್ರಪಂಚದಲ್ಲಿ ಅದೊಂದೇ."

ತಿಯೊ ಹೋದ. ಹೇಳಲೆಂದೇ ಹೋದ, ಆಲೂಗಡ್ಡೆ ಬುಟ್ಟಿಯೊಂದಿಗೆ ಹಿಂದೆಯೇ ಹೋದ ನಾನು ಸಾಕ್ಷಿ. ಜಗಲಿಯ ಮೆಟ್ಟಿಲು ಹತ್ತುತ್ತಿದ್ದಂತೆ ಪಿರಿಹಿರಜ್ಜಿ ಅವನ ಕೈ ಹಿಡಿದುಕೊಂಡಳು.

"ತಿಯೊ, ಕೂತ್ಕೋ ಮಗಾ. ನನ್ನ ತುರೆಯಿ ಗೊತ್ತಲ್ಲ ನಿಂಗೆ? ಆಸ್ಟ್ರೇಲಿಯಾದಲ್ಲಿ ಗಣಿ ಕುಸಿದಾಗ ಒಳಗೇ ಉಳಿದೋದ. ಹೊರಗೆ ತೆಗೀಲೇ ಇಲ್ಲ. ಮೂವತ್ತೊಂದು ವರ್ಷ ಆಯ್ತು. ಎಲ್ಲರ ಹೆಣದ ಮುಂದೆ ಅತ್ತಿದೀನಿ, ಅವನಿಗೆ ಅಂತ ಅಳೋಕಾಗಿರ್ಲಿಲ್ಲ. ನಿನ್ನೆ ನೀನು ಪೆಟ್ಟಿಗೆ ಹಿಡ್ಕೊಂಡು ಗೇಟಲ್ಲಿ ನಿಂತಿದ್ದೆ ನೋಡು, ಇಷ್ಟು ದಿನ ಕಳೆದೋದೋನು ಮನೆಗೆ ಬಂದ ಅನ್ನಿಸ್ತು. ಎಲ್ಲಾ ಅತ್ತುಬಿಟ್ಟೆ. ಎದೆ ಹಗುರ ಆಯ್ತಪ್ಪ. ದೇವರು ನಿನ್ನ ಚೆನ್ನಾಗಿಟ್ಟಿರಲಿ."

ತಿಯೊ ಅಜ್ಜಿಯ ಪಕ್ಕದಲ್ಲೇ ಕೂತುಬಿಟ್ಟ. ನನಗೂ ಕಣ್ಣು ತುಂಬಿ ಬಂತು, ಸುಲಿಯುತ್ತಿದ್ದದ್ದು ಈರುಳ್ಳಿಯಲ್ಲ.

ಅಷ್ಟರಲ್ಲಿ ತೊಕರೋವದವರು ಬಂದರು, ಮೂರು ಬಸ್ಸು. ದೊಡ್ಡ ಮನುಷ್ಯ ಸತ್ತಾಗ ಪಕ್ಕದೂರಿನವರು ಬಂದು 'ಹೆಣ ನಮ್ಮದು, ನಮ್ಮ ಮಣ್ಣಿಗೆ ಕೊಡಿ' ಎಂದು ಜಗಳ ಆಡುವುದು ಸತ್ತವನಿಗೆ ಕೊಡುವ ಗೌರವ. ಯಾರೂ ಕೇಳದ ಹೆಣಕ್ಕೆ ಬೆಲೆಯಿಲ್ಲ. ತೊಕರೋವದ ಹಿರಿಯ ವೆತಿನಿ ಅಂಗಳದ ನಡುವೆ ನಿಂತು ಕೋಲು ಝಳಪಿಸಿದ.

"ತೆ ಉಯಿರ ನಮ್ಮೋನು! ಅವನು ಕೊನೇ ಸಲ ಕಾಲಿಟ್ಟಿದ್ದು ನಮ್ಮ ನೆಲದ ಮೇಲೆ. ನಮ್ಮ ಹುಲ್ಲಿನ ರುಚಿ ಅವನಿಗೆ ಗೊತ್ತಿತ್ತು! ನನ್ನಜ್ಜ ಹೇಳ್ತಿದ್ದ, ಅಂಥಾ ಕಾಲು, ಅಂಥಾ ಕುತ್ತಿಗೆ ಈ ಕರಾವಳೀಲಿ ಇನ್ನೊಬ್ಬನಿಗಿರಲಿಲ್ಲ. ಹಣೆ ಮೇಲೆ ಬಿಳೀ ಗುರುತು!"

ಕಾರ್ಮೋಡಿ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು. ದುಃಖ ತಡೆಯಲಾಗುತ್ತಿಲ್ಲ ಎಂದುಕೊಂಡು ಇಬ್ಬರು ಹೆಂಗಸರು ಅವಳ ಬೆನ್ನು ಸವರಿದರು.

ಹಾಕರಾಯ ತಾತ ಬಿಡುತ್ತಾನೆಯೇ? "ಆ ಬಿಳೀ ಗುರುತು ನನ್ನಪ್ಪನ ಹಣೆ ಮೇಲೂ ಇತ್ತು! ನಮ್ಮೂರ ಹೆಣ್ಣುಮಕ್ಕಳ ಹಲ್ಲು ನೋಡು, ಅವನದೇ!" ಎಂದು ತಿರುಗಿ ಬಿದ್ದ. ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡರು. ಎರಡು ಗಂಟೆ ಕಾಲ ನಡೆಯಿತು. ತೊಕರೋವ ಗೆದ್ದರೆ ಪತ್ರಿಕೆ ಅವರ ಊರಿನ ಮಣ್ಣಿಗೆ, ನಾವು ಗೆದ್ದರೆ ನಮ್ಮ ಮಣ್ಣಿಗೆ. ತಿಯೊ ಇಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿದ್ದ. ಕೊನೆಗೆ ವೆತಿನಿ ಕೋಲು ಕೆಳಗಿಟ್ಟು, ನಮ್ಮ ಪದ್ಧತಿಯಂತೆ ತಾತನ ಮೂಗಿಗೆ ಮೂಗು ತಾಗಿಸಿ, ಸೋತೆ ಎಂದ. ನಮ್ಮೂರವರು ಹಾಡಿದರು. ತಿಯೊ ಮಾತ್ರ ಹಾಡಲಿಲ್ಲ.

ಸೋಮವಾರ ಬೆಳಿಗ್ಗೆ ಹೊತ್ತರು. ಹೆಗಲು ಕೊಟ್ಟವರು, "ಎಷ್ಟು ಹಗುರ! ಆ ನೆಲಮಾಳಿಗೇಲಿ ಪೂರ್ತಿ ಒಣಗಿಸಿಬಿಟ್ಟಿದಾರೆ ಪಾಪಿಗಳು" ಎಂದು ಕಾರ್ಮೋಡಿಯ ಕಡೆ ಕೆಂಗಣ್ಣು ಬಿಟ್ಟರು. ಅವಳು ಹಿಂದಿನಿಂದ ತಿಯೊನ ತೋಳು ಹಿಡಿದು ನಡೆಯುತ್ತಿದ್ದಳು.

"ಮೊದಲನೇ ಪುಟದಲ್ಲಿ ಏನಿತ್ತು?" ಎಂದು ಪಿಸುಗುಟ್ಟಿದಳು. "ನೀವು ಮೂರು ವಾರ ಇಟ್ಟುಕೊಂಡಿದ್ರಲ್ಲ. ಅಷ್ಟಾದ್ರೂ ಹೇಳಿ, ಬರ್ಕೋತೀನಿ. ಎರಡನೇ ಪುಟ? ನಾಲ್ಕನೇ ಪುಟ?"

ತಿಯೊ "ಗಂಭೀರ ವಿಷಯ" ಅನ್ನಲು ಹೊರಟು, ಅದೂ ಬಾರದೆ, "ದೊಡ್ಡ ಅಕ್ಷರ ಇತ್ತು ಮೇಡಂ," ಎಂದ. "ನಂಗೆ ಓದೋಕೆ ಬರಲ್ಲ."

ಅವಳು ಅವನ ತೋಳು ಬಿಡಲಿಲ್ಲ, ಅದೊಂದು ದೊಡ್ಡತನ. ಪೆಟ್ಟಿಗೆ ಇಳಿಯಿತು. ಮಣ್ಣು ಬಿತ್ತು. ಸ್ಮಶಾನದ ಗೇಟಿನಲ್ಲಿ ಕೈ ತೊಳೆದು ಎಲ್ಲರೂ ಊಟಕ್ಕೆ ಬಂದರು. ನನ್ನ ಮಳಿಗಳನ್ನು ಹೊಗಳದವರಿಲ್ಲ. ತಿಯೊ ಮುಟ್ಟಲಿಲ್ಲ.

ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ವೆತಿನಿ ಒಬ್ಬನೇ ತಿಯೊನ ಮನೆಗೆ ಬಂದ. ನಾನೂ ಅಲ್ಲಿದ್ದೆ. ಕೋಟಿನೊಳಗಿಂದ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದ. ಒಳಗೆ ಕಾಗದ. ನಾಲ್ಕೂ ಪುಟ, ಒಂದು ಕಲೆಯಿಲ್ಲ, ಮಡಿಕೆ ಬಿಟ್ಟಿಲ್ಲ. 'ತೆ ರಿರೊರಿರೊ', ಸಂಚಿಕೆ ಹದಿನೇಳು. ತಿಯೊ ಕುರ್ಚಿಯ ಕೈ ಹಿಡಿದುಕೊಂಡ.

"ನನ್ನಜ್ಜ ಜೋಪಾನವಾಗಿ ಎತ್ತಿಟ್ಟಿದ್ದ," ಎಂದ ವೆತಿನಿ. "ನೀನು ಅವತ್ತು ಗುಂಡಿ ಪಕ್ಕ ನಿಂತಿದ್ದು ನೋಡ್ದೆ. ರಕ್ತಸಂಬಂಧ ಇರೋರೂ ಹಂಗೆ ನಿಲ್ಲಲ್ಲ. ಮನೆಗೋಗಿ ಯೋಚ್ನೆ ಮಾಡ್ದೆ. ತೆ ಉಯಿರ ಅರ್ಧ ಮಣ್ಣಲ್ಲಿ, ಅರ್ಧ ನಮ್ಮನೆ ಡಬ್ಬೀಲಿ ಇರೋದು ಸರಿಯಲ್ಲ. ಇದನ್ನೂ ಅವನ ಜೊತೆಗೇ ಇಡೋಣ. ಬಸ್ಸು ಹಿಂದೆ ಬರ್ತಿದೆ. ಪಿರಿಹಿರಜ್ಜಿಗೆ ಹೇಳಿ ಕಳಿಸಿದೀನಿ."

ಈ ಸಲ ತಿಯೊ ಸುಮ್ಮನಿರಲಿಲ್ಲ. ಡಬ್ಬಿಯ ಮೇಲೆ ಎರಡೂ ಕೈಯಿಟ್ಟು, ಉಸಿರು ಬಿಗಿಹಿಡಿದು, ಎಲ್ಲ ಹೇಳಿಬಿಟ್ಟ.

"ವೆತಿನಿ ತಾತ, ಅವನು ಸತ್ತೋನಲ್ಲ, ಸೋತೋನು! ಅದು ಮನುಷ್ಯ ಅಲ್ಲ, ಕುದುರೆ! ಪೆಟ್ಟಿಗೇಲಿ ಎಲುಬಿರಲಿಲ್ಲ, ಇದೇ ಪೇಪರ್ ಇತ್ತು! ನನ್ನ ಕತ್ತು ಹಿಸುಕು, ಆದ್ರೆ ಇದನ್ನ ಹೂಳಬೇಡ!"

ವೆತಿನಿ ಅವನ ಹೆಗಲು ತಟ್ಟಿದ.

"ಗೊತ್ತು ಕಣೋ," ಎಂದ. "ಗೆದ್ದ ಕುದುರೆ ಮೇಲೆ ಕೂತಿದ್ದೋನೇ ನನ್ನಜ್ಜ. ಅದಕ್ಕೇ ಅಲ್ವಾ ಪೇಪರ್ ಎತ್ತಿಟ್ಟಿದ್ದು? ರೇಡಿಯೋದಲ್ಲಿ ಹೆಸರು ಕೇಳಿದ ಕೂಡ್ಲೆ ಗೊತ್ತಾಯ್ತು. ಆದ್ರೆ ನಿಮ್ಮೂರೋರು ಅಳ್ತಾ ಕೂತಿದ್ರಿ. ಕೇಳೋಕೆ ಯಾರೂ ಬರಲಿಲ್ಲ ಅಂದ್ರೆ ನಿಮಗೆ ಅವಮಾನ ಅಲ್ವಾ? ಮೂರು ಬಸ್ಸು ಮಾಡ್ಕೊಂಡು ಬಂದೆ."

"ಹಂಗಾದ್ರೆ ಹೂಳೋದು ಬೇಡ ತಾನೇ?"

"ಯಾಕೆ ಬೇಡ? ನಾನೂರು ಜನ ಎರಡು ದಿನ ಅತ್ತ ಮೇಲೆ ಅದು ಎಲ್ಲಿಯ ಕುದುರೆ? ಅದು ನಮ್ಮ ಹೆಣ ಈಗ."

ತಿಯೊ ಕಾರ್ಮೋಡಿಗೆ ಫೋನು ಹಚ್ಚಿದ. ಅವಳು ಒಂಬತ್ತು ಗಂಟೆಯ ದಾರಿ. ಬಸ್ಸು ಬಂದದ್ದು ಇಪ್ಪತ್ತು ನಿಮಿಷಕ್ಕೆ. ಆ ಇಪ್ಪತ್ತು ನಿಮಿಷ ಅವನು ಭೂತಗನ್ನಡಿ ಹಿಡಿದು ಮೊದಲನೇ ಪುಟದ ಮೇಲೆ ಬಗ್ಗಿ, ಬೆವರುತ್ತಾ, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದ. ಮೊದಲ ಸಾಲು ಮುಗಿಯುವ ಹೊತ್ತಿಗೆ ಪಿರಿಹಿರಜ್ಜಿಯ ಕೂಗು ಕೇಳಿಸಿತು.

ಡಬ್ಬಿಯನ್ನು ಅವನೇ ಹೊರಬೇಕಾಯಿತು; ಅವನಿಗಿಂತ ಹತ್ತಿರದವರು ಯಾರಿದ್ದಾರೆ ಎಂದರು. ಮಣ್ಣು ಬೀಳುವಾಗ ಅವನು ಮೊಣಕಾಲೂರಿ, ಗುಂಡಿಯ ಅಂಚು ತಬ್ಬಿಕೊಂಡು ಅತ್ತ ಅಳು ನಮ್ಮ ಸ್ಮಶಾನ ಕೇಳಿದ್ದಿಲ್ಲ. ಮೆರೆಪೆಕಾ ಕೂಡ ಬಾಯಿ ಮುಚ್ಚಿಕೊಂಡು ಅವನ ಬೆನ್ನಿಗೆ ಕೈಯಿಟ್ಟು ನಿಂತಳು. ತೊಕರೋವದವರಂತೂ ಮೆಚ್ಚಿಕೊಂಡು ಬಸ್ಸು ಹತ್ತಿದರು. ಇವತ್ತಿಗೂ ಆ ಮಾತು ಬಂದರೆ ತಲೆಯಾಡಿಸುತ್ತಾರೆ.

"ಒಂದು ಕುದುರೆಗೋಸ್ಕರ ಇಷ್ಟು ಅಳೋ ಮನುಷ್ಯನ್ನ ನಾವು ಕಂಡೇ ಇಲ್ಲಪ್ಪ," ಅನ್ನುತ್ತಾರೆ.